ಠೇವಣಿ ವಿಮಾ ನಿಗಮದ ಮೇಲೆ ಯಾರ ಕಣ್ಣು?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸೇರಿದವು. ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ ಹೊಣೆ ನಿಲ್ಲುವ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ, ಯಾರ ಅಧೀನದಲ್ಲಿದೆ, ಯಾರಿಗೆ ಲೆಕ್ಕ ಒಪ್ಪಿಸುತ್ತದೆ ಎಂಬುದನ್ನು ಹಲವರು ಕೇಳಿದ್ದಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಹಲವು ವರ್ಷ ಕಳೆದ ನನಗೆ ಈ ಪ್ರಶ್ನೆಗಳು ಬಂದದ್ದು ಸಂತೋಷ ತಂದಿದೆ. ವಿಮೆಯ ಮೊತ್ತ ಎಷ್ಟು ಎಂದು ಕೇಳುವವರು ಆಗಲೂ ಇದ್ದರು, ಆ ವಿಮೆಯನ್ನು ನಡೆಸುವವರ ಮೇಲೆ ನಿಗಾ ಇಡುವವರು ಯಾರು ಎಂದು ಕೇಳಿದವರು ತೀರ ಕಡಿಮೆ.

ಪ್ರಶ್ನೆ: ನಮ್ಮ ಬ್ಯಾಂಕಿನ ಗೋಡೆಯ ಮೇಲೆ ‘ಡಿಐಸಿಜಿಸಿಯಲ್ಲಿ ನೋಂದಾಯಿತ’ ಎಂಬ ಫಲಕವಿದೆ. ಇದು ಸರ್ಕಾರದ ಇಲಾಖೆಯೇ, ವಿಮಾ ಕಂಪನಿಯೇ ಅಥವಾ ರಿಸರ್ವ್ ಬ್ಯಾಂಕಿನ ಒಂದು ಶಾಖೆಯೇ? ಇದರ ಮೇಲೆ ಕೇಂದ್ರ ಸರ್ಕಾರಕ್ಕೆ ಹಿಡಿತವಿದೆಯೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಇದು ಇಲಾಖೆಯೂ ಅಲ್ಲ, ಕಂಪನಿಯೂ ಅಲ್ಲ. ಸಂಸತ್ತು 1961ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿ, 1962ರ ಜನವರಿ 1ರಿಂದ ಕೆಲಸ ಆರಂಭಿಸಿದ ಶಾಸನಬದ್ಧ ನಿಗಮ. ಇದರ 50 ಕೋಟಿ ರೂಪಾಯಿ ಬಂಡವಾಳ ಪೂರ್ತಿಯಾಗಿ ರಿಸರ್ವ್ ಬ್ಯಾಂಕಿನದು. 1978ರಲ್ಲಿ ಸಾಲ ಖಾತರಿಯ ಇನ್ನೊಂದು ಸಂಸ್ಥೆಯನ್ನು ಇದರೊಳಗೆ ಸೇರಿಸಿದ್ದರಿಂದ ಈಗಿನ ಉದ್ದನೆಯ ಹೆಸರು ಬಂದಿತು. ಹೆಸರಿನಲ್ಲಿರುವ ಸಾಲ ಖಾತರಿಯ ಕೆಲಸ ಈಗ ನಡೆಯುತ್ತಿಲ್ಲ, ಠೇವಣಿ ವಿಮೆಯೊಂದೇ ಉಳಿದಿದೆ.

ನಿಗಮ ಹುಟ್ಟಿದ ಸಂದರ್ಭವನ್ನು ತಿಳಿದರೆ ಇದರ ಮೇಲಿನ ಅಧಿಕಾರ ಹೀಗೇಕೆ ಹಂಚಿಹೋಗಿದೆ ಎಂಬುದು ಅರ್ಥವಾಗುತ್ತದೆ. 1948ರಲ್ಲಿ ಬಂಗಾಳದ ಬ್ಯಾಂಕುಗಳು ಕುಸಿದಾಗಲೇ ಠೇವಣಿ ವಿಮೆಯ ಮಾತು ಕೇಳಿಬಂದಿತ್ತು. ಆದರೆ ಅದು ಸಮಿತಿಗಳ ವರದಿಗಳಲ್ಲೇ ಉಳಿದಿತ್ತು. 1960ರ ಆಗಸ್ಟ್ 8ರಂದು, ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಮುಚ್ಚುವ ಆದೇಶ ಹೊರಬಿತ್ತು. ಸಣ್ಣ ಬ್ಯಾಂಕಲ್ಲದ ಅದು ಬಾಗಿಲು ಹಾಕಿದ ಸುದ್ದಿ ಕೇಳಿ ಬೇರೆ ಬ್ಯಾಂಕುಗಳ ಮುಂದೆಯೂ ಜನ ಹಣ ತೆಗೆಯಲು ಸಾಲುಗಟ್ಟಿದರು. ಬ್ಯಾಂಕಿನ ಮೇಲೆ ಮೇಲ್ವಿಚಾರಣೆ ನಡೆಸುತ್ತಿದ್ದ ಸಂಸ್ಥೆಯೇ ಅದನ್ನು ಮುಚ್ಚಿಸಿದಾಗ ಇಡುಗಂಟು ಕಳೆದುಕೊಂಡವನಿಗೆ ಯಾರು ದಿಕ್ಕು ಎಂಬ ಪ್ರಶ್ನೆ ಸಂಸತ್ತಿನ ಮುಂದೆ ಬಂದು ನಿಂತಿತು. ಮರುವರ್ಷ ಕಾಯ್ದೆ ಬಂದಿತು. ಬ್ಯಾಂಕುಗಳ ಒಳಹೊರಗು ಬಲ್ಲ ರಿಸರ್ವ್ ಬ್ಯಾಂಕಿಗೆ ನಿಗಮದ ಒಡೆತನವನ್ನು ಕೊಟ್ಟು, ಮುಖ್ಯವಾದ ಕೆಲವು ನಿರ್ಧಾರಗಳ ಕೀಲಿಯನ್ನು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿತು.

ನಿಗಮದ ನಿರ್ದೇಶಕ ಮಂಡಳಿಯ ಅಧ್ಯಕ್ಷರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿರಬೇಕು ಅಥವಾ ಅದಕ್ಕೆಂದು ನಾಮನಿರ್ದೇಶನಗೊಂಡ ಉಪ ಗವರ್ನರ್ ಆಗಿರಬೇಕು. ರೂಢಿಯಲ್ಲಿ ಉಪ ಗವರ್ನರ್ ಒಬ್ಬರು ಆ ಸ್ಥಾನದಲ್ಲಿರುತ್ತಾರೆ. ಮಂಡಳಿಯಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರು ಕೂರುತ್ತಾರೆ. ಬ್ಯಾಂಕಿಂಗ್, ವಿಮೆ, ಹಣಕಾಸು, ಸಹಕಾರ ಮುಂತಾದ ಕ್ಷೇತ್ರಗಳನ್ನು ಬಲ್ಲ ಹೊರಗಿನ ನಿರ್ದೇಶಕರನ್ನು ಕೇಂದ್ರ ಸರ್ಕಾರವು ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ನೇಮಿಸುತ್ತದೆ. ವಿಮೆಗಾಗಿ ಬ್ಯಾಂಕುಗಳು ಕಟ್ಟುವ ಪ್ರೀಮಿಯಂನ ದರ ಬದಲಿಸಲು ನಿಗಮವು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪಡೆಯಬೇಕು. ವಿಮೆಯ ಮಿತಿ ಏರಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ವರ್ಷದ ಲೆಕ್ಕಪತ್ರ, ಲೆಕ್ಕಪರಿಶೋಧಕರ ವರದಿ ಮತ್ತು ಕಾರ್ಯವರದಿ ರಿಸರ್ವ್ ಬ್ಯಾಂಕಿಗೂ ಕೇಂದ್ರ ಸರ್ಕಾರಕ್ಕೂ ಹೋಗುತ್ತವೆ, ಅವನ್ನು ಸರ್ಕಾರ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಹೀಗೆ ದಿನನಿತ್ಯದ ಆಡಳಿತ ರಿಸರ್ವ್ ಬ್ಯಾಂಕಿನ ನೆರಳಿನಲ್ಲಿ ನಡೆದರೂ ನೇಮಕ, ಮಿತಿ ಮತ್ತು ಸಂಸತ್ತಿಗೆ ಉತ್ತರ ಕೊಡುವ ಹೊಣೆ ಈ ಮೂರು ಕಡೆ ಸರ್ಕಾರದ ಕೈ ಇದೆ.

ಪ್ರಶ್ನೆ: ಬಹಳ ವರ್ಷ ಒಂದೇ ಲಕ್ಷ ರೂಪಾಯಿಗೆ ವಿಮೆ ಇತ್ತು, ಆಮೇಲೆ ಒಮ್ಮೆಲೇ ಐದು ಲಕ್ಷವಾಯಿತು. ಇದನ್ನು ಯಾರು ತೀರ್ಮಾನಿಸುತ್ತಾರೆ? ಇಷ್ಟು ತಡವಾದದ್ದು ಏಕೆ, ಮುಂದೆ ಏರುವುದು ಯಾವಾಗ?
– ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಸರ್ಕಾರದ ಮೇಲ್ವಿಚಾರಣೆಯ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ತೋರಿಸುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆರಂಭದಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಸಿಗುತ್ತಿದ್ದ ರಕ್ಷಣೆ 1,500 ರೂಪಾಯಿ. ಅದು 1968ರಲ್ಲಿ 5,000, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000 ರೂಪಾಯಿಗೆ ಏರಿತು. ಮೊದಲ ಎರಡು ದಶಕಗಳಲ್ಲಿ ನಾಲ್ಕು ಬಾರಿ ಪರಿಷ್ಕರಣೆ ನಡೆದದ್ದನ್ನು ಗಮನಿಸಿ. ಮುಂದಿನ ಏರಿಕೆಗೆ ಹದಿಮೂರು ವರ್ಷ ಬೇಕಾಯಿತು: 1993ರ ಮೇ 1ರಂದು ಮಿತಿ 1 ಲಕ್ಷವಾಯಿತು. ಅದಾದ ಮೇಲೆ ಸುಮಾರು ಇಪ್ಪತ್ತೇಳು ವರ್ಷ ಆ ಅಂಕಿ ಅಲುಗಾಡಲಿಲ್ಲ. ಅಷ್ಟರಲ್ಲಿ ಸಂಬಳ, ನಿವೃತ್ತಿ ಹಣ, ಮನೆ ನಿವೇಶನದ ಬೆಲೆ, ಮಗಳ ಮದುವೆಗೆಂದು ಕೂಡಿಟ್ಟ ಹಣ ಎಲ್ಲವೂ ಹಲವು ಪಟ್ಟು ಬೆಳೆದಿದ್ದವು. ಪರಿಣಾಮವಾಗಿ 2019ರ ಮಾರ್ಚ್ ಹೊತ್ತಿಗೆ ವಿಮೆಯ ಲೆಕ್ಕಕ್ಕೆ ಬರುವ ಠೇವಣಿಗಳ ಒಟ್ಟು ಮೊತ್ತದಲ್ಲಿ ರಕ್ಷಣೆ ಇದ್ದದ್ದು ಕೇವಲ ಶೇ 28ರಷ್ಟಕ್ಕೆ.

ಈ ಮೌನ ಮುರಿದದ್ದು ಒಂದು ಬ್ಯಾಂಕಿನ ಕುಸಿತ. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರಿಗೆ ಮೊದಲು ತೆಗೆಯಲು ಬಿಟ್ಟದ್ದು 1,000 ರೂಪಾಯಿ ಮಾತ್ರ. ಮುಂಬಯಿಯ ಬೀದಿಗಳಲ್ಲಿ ವೃದ್ಧರು ಪಾಸ್‌ಬುಕ್ ಹಿಡಿದು ನಿಂತ ಚಿತ್ರಗಳು ದೇಶದ ತುಂಬ ಹರಿದಾಡಿದವು. 2020ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಮಿತಿಯನ್ನು 5 ಲಕ್ಷಕ್ಕೆ ಏರಿಸಲು ನಿಗಮಕ್ಕೆ ಅನುಮತಿ ನೀಡಲಾಗಿದೆ ಎಂದು ಪ್ರಕಟಿಸಿದರು. ಫೆಬ್ರವರಿ 4ರಿಂದ ಅದು ಜಾರಿಗೆ ಬಂದಿತು. ಮೂರೇ ದಿನ! ಸರ್ಕಾರ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯ್ದೆಯೂ ಬೇಡ, ತಿದ್ದುಪಡಿಯೂ ಬೇಡ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಡವಾಗಿದ್ದಕ್ಕೆ ಕಾರಣವನ್ನು ಯಾವುದೋ ಒಂದು ಸರ್ಕಾರದ ಅಥವಾ ಪಕ್ಷದ ತಲೆಗೆ ಕಟ್ಟುವುದು ಸರಿಯಲ್ಲ, ಏಕೆಂದರೆ ಆ ಇಪ್ಪತ್ತೇಳು ವರ್ಷಗಳಲ್ಲಿ ದೆಹಲಿಯಲ್ಲಿ ಹಲವು ಸರ್ಕಾರಗಳು ಬಂದುಹೋದವು. ಕೊರತೆ ಇರುವುದು ಕಾಯ್ದೆಯ ರಚನೆಯಲ್ಲಿ. ನಿಗಮವು ತನ್ನ ಹಣಕಾಸಿನ ಸ್ಥಿತಿಯನ್ನೂ ದೇಶದ ಬ್ಯಾಂಕಿಂಗ್ ವ್ಯವಸ್ಥೆಯ ಹಿತವನ್ನೂ ನೋಡಿಕೊಂಡು, ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆದು, ಕಾಲಕಾಲಕ್ಕೆ ಮಿತಿಯನ್ನು ಏರಿಸಬಹುದು ಎಂದು ಕಾಯ್ದೆ ಹೇಳುತ್ತದೆ. ‘ಏರಿಸಬಹುದು’ ಎಂದಿದೆಯೇ ಹೊರತು ಇಷ್ಟು ವರ್ಷಕ್ಕೊಮ್ಮೆ ಪರಿಶೀಲಿಸಲೇಬೇಕು ಎಂದಿಲ್ಲ. ಪ್ರಸ್ತಾವ ಬರಲಿಲ್ಲ ಎಂದು ಸರ್ಕಾರವೂ ಅನುಮತಿ ಸಿಗುವ ಸೂಚನೆ ಇರಲಿಲ್ಲ ಎಂದು ನಿಗಮವೂ ಸುಮ್ಮನಿರಲು ಇದು ಅವಕಾಶ ಮಾಡಿಕೊಡುತ್ತದೆ. ಅನುಮತಿ ಕೊಡುವ ಅಧಿಕಾರವನ್ನು ಇಟ್ಟುಕೊಂಡವರಿಗೆ ಪ್ರಶ್ನೆ ಕೇಳುವ ಹೊಣೆಯನ್ನು ಕಾಯ್ದೆ ಹೊರಿಸಿಲ್ಲ. ಮೇಲ್ವಿಚಾರಣೆ ಎಂದರೆ ಬಂದ ಕಡತಕ್ಕೆ ಸಹಿ ಹಾಕುವುದಷ್ಟೇ ಅಲ್ಲ, ಬರಬೇಕಾದ ಕಡತ ಏಕೆ ಬರಲಿಲ್ಲ ಎಂದು ವಿಚಾರಿಸುವುದೂ ಹೌದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ನಂತರ 1933ರಲ್ಲಿ ಹುಟ್ಟಿದ ಫೆಡರಲ್ ಠೇವಣಿ ವಿಮಾ ನಿಗಮದ ವಿಷಯದಲ್ಲಿ, ಬೆಲೆಯೇರಿಕೆಗೆ ತಕ್ಕಂತೆ ಮಿತಿಯನ್ನು ಹೊಂದಿಸಬೇಕೇ ಎಂಬುದನ್ನು ಪ್ರತಿ ಐದು ವರ್ಷಕ್ಕೊಮ್ಮೆ ಪರಿಗಣಿಸಲೇಬೇಕೆಂದು ಅಲ್ಲಿನ ಕಾನೂನು ಕಟ್ಟು ಹಾಕಿದೆ. ಪರಿಗಣಿಸಿದ ಮೇಲೆ ಏರಿಸದೆಯೂ ಇರಬಹುದು, ಆದರೆ ಪ್ರಶ್ನೆಯನ್ನು ಮುಂದಕ್ಕೆ ತಳ್ಳುವಂತಿಲ್ಲ. ನಮ್ಮ ಕಾಯ್ದೆಗೂ ಇಂಥ ಒಂದು ವಾಕ್ಯ ಸೇರಬೇಕು. ಮಿತಿ 5 ಲಕ್ಷವಾದ ಮೇಲೆ, 2021ರ ಮಾರ್ಚ್‌ನಲ್ಲಿ, ಠೇವಣಿ ಮೊತ್ತದ ಶೇ 50.9ರಷ್ಟು ವಿಮೆಯ ಒಳಗೆ ಬಂದಿತ್ತು. 2024ರ ಮಾರ್ಚ್‌ಗೆ ಅದು ಶೇ 43.1ಕ್ಕೆ ಇಳಿಯಿತು. ಖಾತೆಗಳ ಎಣಿಕೆಯಲ್ಲಿ ನೋಡಿದರೆ ಶೇ 97.8ರಷ್ಟು ಖಾತೆಗಳಿಗೆ ಪೂರ್ತಿ ರಕ್ಷಣೆ ಇತ್ತು ಎಂಬುದು ನಿಜ, ಅದು ಸಮಾಧಾನದ ಸಂಗತಿಯೂ ಹೌದು. ಆದರೂ ಮೂರು ವರ್ಷಗಳಲ್ಲಿ ಕಂಡ ಈ ಇಳಿಕೆ 1993ರ ನಂತರದ ಕಥೆಯನ್ನೇ ನೆನಪಿಸುತ್ತದೆ. ಮುಂದಿನ ಏರಿಕೆ ಯಾವಾಗ ಎಂಬುದಕ್ಕೆ ಕಾಯ್ದೆಯಲ್ಲಿ ದಿನಾಂಕವಿಲ್ಲ, ಹಾಗಾಗಿ ನಾನೂ ದಿನಾಂಕ ಹೇಳಲಾರೆ.

ಪ್ರಶ್ನೆ: ನನ್ನ ತಾಯಿಯ ಹಣ ಒಂದು ಸಹಕಾರಿ ಬ್ಯಾಂಕಿನಲ್ಲಿ ನಿರ್ಬಂಧದ ಅಡಿ ಸಿಲುಕಿದೆ. ಬ್ಯಾಂಕು ಪೂರ್ತಿ ಮುಚ್ಚುವವರೆಗೂ ವಿಮೆಯ ಹಣ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಜವೇ?
– ಗೃಹಿಣಿ, ಬೆಂಗಳೂರು

ಉತ್ತರ: 2021ರವರೆಗೆ ಅದು ನಿಜವಾಗಿತ್ತು, ಈಗ ಅಲ್ಲ. ಹಳೆಯ ವ್ಯವಸ್ಥೆಯಲ್ಲಿ ಬ್ಯಾಂಕಿನ ಪರವಾನಗಿ ರದ್ದಾಗಿ, ಅದರ ಲೆಕ್ಕ ಮುಗಿಸುವ ಸಮಾಪನಾಧಿಕಾರಿಯ ನೇಮಕವಾಗಿ, ಅವರು ಠೇವಣಿದಾರರ ಪಟ್ಟಿ ಕೊಟ್ಟ ಮೇಲಷ್ಟೇ ನಿಗಮ ಹಣ ಕೊಡುತ್ತಿತ್ತು. ನಿರ್ಬಂಧದಲ್ಲಿದ್ದ ಬ್ಯಾಂಕು ಬದುಕಿಯೂ ಇಲ್ಲದೆ ಸತ್ತೂ ಇಲ್ಲದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಔಷಧಿಗೆ, ಮಕ್ಕಳ ಶುಲ್ಕಕ್ಕೆ ಹಣ ಬೇಕಾದವರು ಅಷ್ಟೂ ಕಾಲ ಕಾಯಬೇಕಾಗಿತ್ತು. ಸಂಸತ್ತು 2021ರ ಆಗಸ್ಟ್‌ನಲ್ಲಿ ಕಾಯ್ದೆಗೆ 18ಎ ಎಂಬ ಹೊಸ ಕಲಮನ್ನು ಸೇರಿಸಿತು, ಅದು ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಇದರಂತೆ ಹಣ ತೆಗೆಯಲು ನಿರ್ಬಂಧ ಹೇರಿದ ದಿನದಿಂದ 45 ದಿನಗಳೊಳಗೆ ಬ್ಯಾಂಕು ಠೇವಣಿದಾರರ ವಿವರವನ್ನು ನಿಗಮಕ್ಕೆ ಕೊಡಬೇಕು, ನಿಗಮವು 30 ದಿನಗಳೊಳಗೆ ಅದನ್ನು ಪರಿಶೀಲಿಸಿ ನಂತರದ 15 ದಿನಗಳಲ್ಲಿ ಹಣ ಪಾವತಿಸಬೇಕು. ಒಟ್ಟು 90 ದಿನ. ಬ್ಯಾಂಕನ್ನು ಬೇರೊಂದು ಬ್ಯಾಂಕಿನಲ್ಲಿ ವಿಲೀನ ಮಾಡುವಂಥ ಯೋಜನೆ ರಿಸರ್ವ್ ಬ್ಯಾಂಕಿನ ಮುಂದಿದ್ದರೆ ಮಾತ್ರ ಈ ಅವಧಿಯನ್ನು ಇನ್ನೂ 90 ದಿನಗಳವರೆಗೆ ಮುಂದೂಡಲು ಅವಕಾಶವಿದೆ.

ನಿಮ್ಮ ತಾಯಿಯವರು ಮಾಡಬೇಕಾದ ಕೆಲಸವೂ ಇದೆ. ವಿಮೆಯ ಹಣ ಪಡೆಯಲು ಒಪ್ಪಿಗೆ ಇದೆ ಎಂದು ಲಿಖಿತವಾಗಿ ಕೊಡಬೇಕು, ಹಣ ಜಮೆಯಾಗಬೇಕಾದ ಬೇರೆ ಬ್ಯಾಂಕಿನ ಖಾತೆಯ ವಿವರ ಮತ್ತು ಗುರುತಿನ ದಾಖಲೆಗಳನ್ನು ಒದಗಿಸಬೇಕು. ಇವನ್ನು ನಿರ್ಬಂಧದಲ್ಲಿರುವ ಬ್ಯಾಂಕಿಗೇ ಕೊಡಬೇಕು, ಸ್ವೀಕೃತಿ ಪಡೆಯಲು ಮರೆಯಬೇಡಿ. ಅವರ ಹೆಸರಿನಲ್ಲಿ ಅದೇ ಬ್ಯಾಂಕಿನ ಬೇರೆ ಶಾಖೆಗಳಲ್ಲಿ ಇರುವ ಉಳಿತಾಯ ಖಾತೆ, ನಿಶ್ಚಿತ ಠೇವಣಿ, ಆರ್‌ಡಿ ಎಲ್ಲವನ್ನೂ ಬಡ್ಡಿ ಸಹಿತ ಒಟ್ಟುಗೂಡಿಸಿ, ಬ್ಯಾಂಕಿಗೆ ಸಾಲ ಬಾಕಿ ಇದ್ದರೆ ಅದನ್ನು ಕಳೆದು, 5 ಲಕ್ಷದ ಮಿತಿಯನ್ನು ಅನ್ವಯಿಸುತ್ತಾರೆ. ಅದಕ್ಕೂ ಮೀರಿದ ಹಣ ಬ್ಯಾಂಕಿನ ಆಸ್ತಿಯಿಂದ ವಸೂಲಾಗುವುದನ್ನು ಅಥವಾ ವಿಲೀನದ ಷರತ್ತುಗಳನ್ನು ಅವಲಂಬಿಸಿರುತ್ತದೆ. ಆ ಭಾಗಕ್ಕೆ ವಿಮೆಯ ಆಸರೆ ಇಲ್ಲ ಎಂದು ಹೇಳಲು ನನಗೆ ನೋವಾಗುತ್ತದೆ, ಆದರೆ ಹೇಳದೆ ಬಿಡುವುದು ತಪ್ಪಾಗುತ್ತದೆ.

ಪ್ರಶ್ನೆ: ನಮ್ಮೂರಿನ ಸೌಹಾರ್ದ ಸಹಕಾರಿಯಲ್ಲಿ ಅಡಿಕೆ ಮಾರಿದ ಹಣ ಇಟ್ಟಿದ್ದೇನೆ. ‘ಸರ್ಕಾರದಿಂದ ನೋಂದಾಯಿತ’ ಎಂದು ಬೋರ್ಡಿನಲ್ಲಿದೆ. ವಿಮೆ ಅನ್ವಯಿಸುತ್ತದೆಯೇ?
– ರೈತರು, ಶಿವಮೊಗ್ಗ ಜಿಲ್ಲೆ

ಉತ್ತರ: ಅದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕ್ ಆಗಿಲ್ಲದಿದ್ದರೆ ಅನ್ವಯಿಸುವುದಿಲ್ಲ. 1997ರ ಸೌಹಾರ್ದ ಕಾಯ್ದೆಯಡಿ ಅಥವಾ 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರುವುದೇ ಬೇರೆ, ಠೇವಣಿ ವಿಮೆ ಇರುವುದೇ ಬೇರೆ. ಪತ್ತಿನ ಸಹಕಾರ ಸಂಘಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಸೌಹಾರ್ದ ಪತ್ತಿನ ಸಹಕಾರಿಗಳು ಈ ನಿಗಮದ ವ್ಯಾಪ್ತಿಗೆ ಬರುವುದಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳು, ಡಿಸಿಸಿ ಬ್ಯಾಂಕುಗಳು ಮತ್ತು ಅಪೆಕ್ಸ್ ಬ್ಯಾಂಕ್ ಬರುತ್ತವೆ. ವಿಮೆ ಇರುವ ಬ್ಯಾಂಕುಗಳ ಪಟ್ಟಿ ನಿಗಮದ ಜಾಲತಾಣದಲ್ಲಿದೆ, ಅದರಲ್ಲಿ ಹೆಸರು ಇಲ್ಲದಿದ್ದರೆ ಬೋರ್ಡಿನ ಮಾತನ್ನು ನಂಬಿ ಕೂರಬೇಡಿ.

ಪ್ರಶ್ನೆ: ಬ್ಯಾಂಕುಗಳನ್ನು ತಪಾಸಣೆ ಮಾಡುವುದೂ ರಿಸರ್ವ್ ಬ್ಯಾಂಕ್, ವಿಮಾ ನಿಗಮದ ಒಡೆಯನೂ ರಿಸರ್ವ್ ಬ್ಯಾಂಕ್. ತಪಾಸಣೆಯಲ್ಲಿ ಲೋಪವಾದರೆ ಅದನ್ನು ಎತ್ತಿ ತೋರಿಸಲು ನಿಗಮಕ್ಕೆ ಸ್ವಾತಂತ್ರ್ಯ ಇರುತ್ತದೆಯೇ? ಸರ್ಕಾರವೇ ನೇರವಾಗಿ ನಡೆಸಿದರೆ ಒಳ್ಳೆಯದಲ್ಲವೇ?
– ವಾಣಿಜ್ಯ ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಮೊದಲ ಸಂಶಯಕ್ಕೆ ಆಧಾರವಿದೆ. ಅಮೆರಿಕದ ನಿಗಮ ತಾನೇ ಬ್ಯಾಂಕುಗಳ ತಪಾಸಣೆ ಮಾಡುತ್ತದೆ, ಕುಸಿದ ಬ್ಯಾಂಕನ್ನು ತಾನೇ ಕೈಗೆತ್ತಿಕೊಳ್ಳುತ್ತದೆ. ಅದರ ಐವರು ನಿರ್ದೇಶಕರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಒಂದೇ ರಾಜಕೀಯ ಪಕ್ಷದವರಾಗಿರುವಂತಿಲ್ಲ ಎಂಬ ನಿಯಮವೂ ಇದೆ. ನಮ್ಮ ನಿಗಮಕ್ಕೆ ಅಂಥ ಅಧಿಕಾರವಿಲ್ಲ. ಮನೆ ಸುಟ್ಟ ಮೇಲೆ ಪರಿಹಾರ ಕೊಡುವುದು ಅದರ ಪಾಲಿಗೆ ಬಂದಿದೆ, ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಬೇರೆಯವರ ಕೆಲಸ.

ಆದರೆ ಇದಕ್ಕೆ ಮದ್ದು ಸರ್ಕಾರ ನೇರವಾಗಿ ನಡೆಸುವುದೇ ಎಂಬಲ್ಲಿ ನನಗೆ ಒಪ್ಪಿಗೆ ಇಲ್ಲ. ಸರ್ಕಾರವೇ ಅನೇಕ ದೊಡ್ಡ ಬ್ಯಾಂಕುಗಳ ಮಾಲೀಕ. ಮಾಲೀಕನೇ ವಿಮಾದಾರನೂ ಆದರೆ ತೊಡಕು ಇನ್ನೊಂದು ರೂಪದಲ್ಲಿ ಮರಳುತ್ತದೆ. ಸಹಕಾರಿ ಬ್ಯಾಂಕುಗಳ ವಿಷಯದಲ್ಲಿ ರಾಜ್ಯ ಸರ್ಕಾರವೂ ಇದರೊಳಗೆ ಬರುತ್ತದೆ. 1968ರ ತಿದ್ದುಪಡಿಯ ಮೂಲಕ ಅವುಗಳಿಗೆ ವಿಮೆ ವಿಸ್ತರಿಸಿದಾಗ ಹಾಕಿದ ಷರತ್ತು ಏನೆಂದರೆ, ರಿಸರ್ವ್ ಬ್ಯಾಂಕ್ ಸೂಚಿಸಿದರೆ ಬ್ಯಾಂಕನ್ನು ಮುಚ್ಚಲು ಅಥವಾ ಆಡಳಿತ ಮಂಡಳಿಯನ್ನು ತೆಗೆದುಹಾಕಲು ರಾಜ್ಯದ ಸಹಕಾರ ಕಾಯ್ದೆಯಲ್ಲಿ ಅವಕಾಶ ಇರಬೇಕು ಎಂಬುದು. ಆದರೂ ಸಹಕಾರ ಸಂಘಗಳ ನಿಬಂಧಕರು ಒಂದು ಕಡೆ, ರಿಸರ್ವ್ ಬ್ಯಾಂಕ್ ಇನ್ನೊಂದು ಕಡೆ ಎಂಬ ಇಬ್ಬಗೆಯ ಹಿಡಿತದಲ್ಲಿ ಜವಾಬ್ದಾರಿ ಜಾರಿಹೋಗುತ್ತಿತ್ತು. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಮಾಡಿದ ತಿದ್ದುಪಡಿ ರಿಸರ್ವ್ ಬ್ಯಾಂಕಿನ ಕೈಯನ್ನು ಬಲಪಡಿಸಿತು.

ಕೇಂದ್ರ ಸರ್ಕಾರ 2017ರಲ್ಲಿ ಬೇರೊಂದು ದಾರಿಯನ್ನೂ ನೋಡಿತ್ತು. ಡಿಐಸಿಜಿಸಿಯನ್ನು ತೆಗೆದು, ಸಂಕಷ್ಟಕ್ಕೆ ಸಿಲುಕಿದ ಬ್ಯಾಂಕುಗಳನ್ನು ಸರಿಪಡಿಸುವ ಅಥವಾ ಮುಚ್ಚುವ ಹೊಸ ಪರಿಹಾರ ನಿಗಮವೊಂದನ್ನು ಸ್ಥಾಪಿಸುವ ಹಣಕಾಸು ಪರಿಹಾರ ಮತ್ತು ಠೇವಣಿ ವಿಮಾ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಸಂಕಷ್ಟದ ಬ್ಯಾಂಕನ್ನು ಉಳಿಸಲು ಠೇವಣಿದಾರರ ವಿಮೆ ಇಲ್ಲದ ಹಣವನ್ನೂ ಬಳಸಿಕೊಳ್ಳಬಹುದು ಎಂಬ ಆತಂಕ ಆ ಮಸೂದೆಯ ಒಂದು ಕಲಮಿನಿಂದ ಹುಟ್ಟಿತು. ಬ್ಯಾಂಕ್ ನೌಕರರ ಸಂಘಗಳಿಂದ ಹಿಡಿದು ಸಾಮಾನ್ಯ ಠೇವಣಿದಾರರವರೆಗೆ ಎಲ್ಲರೂ ವಿರೋಧಿಸಿದ್ದರಿಂದ 2018ರ ಆಗಸ್ಟ್‌ನಲ್ಲಿ ಮಸೂದೆಯನ್ನು ಹಿಂಪಡೆಯಲಾಯಿತು. ಆ ಕಲಮು ಹೋದದ್ದು ಒಳ್ಳೆಯದೇ ಆಯಿತು. ಆದರೆ ವಿಮಾ ನಿಗಮಕ್ಕೆ ತಪಾಸಣಾ ಸಂಸ್ಥೆಯಿಂದ ಪ್ರತ್ಯೇಕವಾದ ದನಿ ಬೇಕೇ ಎಂಬ ಚರ್ಚೆಯೂ ಅದರೊಡನೆ ಮುಗಿದುಹೋದದ್ದು ನಷ್ಟ. ಮಂಡಳಿಯಲ್ಲಿ ಸರ್ಕಾರ ನೇಮಿಸುವ ಹೊರಗಿನ ನಿರ್ದೇಶಕರ ಸ್ಥಾನಗಳನ್ನು ಖಾಲಿ ಬಿಡದೆ, ಠೇವಣಿದಾರರ ಪರವಾಗಿ ಮಾತನಾಡಬಲ್ಲವರನ್ನು ಅಲ್ಲಿ ಕೂರಿಸುವುದು ಈಗಿನ ಕಾಯ್ದೆಯ ಒಳಗೇ ಮಾಡಬಹುದಾದ ಕೆಲಸ.

ಪ್ರಶ್ನೆ: ಪ್ರೀಮಿಯಂ ಹಣ ಎಲ್ಲಿ ಹೋಗುತ್ತದೆ? ಸರ್ಕಾರ ಅದನ್ನು ಬೇರೆ ಖರ್ಚಿಗೆ ಬಳಸಿಕೊಳ್ಳುತ್ತದೆಯೇ?
– ನಿವೃತ್ತ ಲೆಕ್ಕಿಗರು, ಮಂಗಳೂರು

ಉತ್ತರ: ಪ್ರೀಮಿಯಂ ಕಟ್ಟುವುದು ಬ್ಯಾಂಕು, ಅದನ್ನು ಠೇವಣಿದಾರನಿಂದ ವಸೂಲು ಮಾಡುವಂತಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ಬ್ಯಾಂಕುಗಳಿಗೂ ದರ ವರ್ಷಕ್ಕೆ ಪ್ರತಿ 100 ರೂಪಾಯಿ ಠೇವಣಿಗೆ 12 ಪೈಸೆ ಎಂದು ನಿಗದಿಯಾಗಿತ್ತು. ಗಟ್ಟಿಯಾದ ಬ್ಯಾಂಕಿಗೂ ಸೊರಗಿದ ಬ್ಯಾಂಕಿಗೂ ಒಂದೇ ದರ ಇರುವುದು ನ್ಯಾಯವಲ್ಲ ಎಂಬ ಮಾತು 1999ರ ಕಪೂರ್ ಸಮಿತಿಯ ಕಾಲದಿಂದಲೂ ಇತ್ತು. ಪ್ರೀಮಿಯಂನ ಸುಮಾರು ಶೇ 95ರಷ್ಟನ್ನು ವಾಣಿಜ್ಯ ಬ್ಯಾಂಕುಗಳು ಕಟ್ಟಿದರೆ ಇತ್ತೀಚಿನ ದಶಕಗಳಲ್ಲಿ ಪರಿಹಾರದ ಹಣ ಬಹುಪಾಲು ಸಹಕಾರಿ ಬ್ಯಾಂಕುಗಳ ಠೇವಣಿದಾರರಿಗೆ ಹೋಗಿದೆ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಮುಂದಿನ ಹಣಕಾಸು ವರ್ಷದಿಂದ ಬ್ಯಾಂಕಿನ ಅಪಾಯದ ಮಟ್ಟಕ್ಕೆ ತಕ್ಕಂತೆ ದರ ನಿಗದಿ ಮಾಡುವುದಾಗಿ ಪ್ರಕಟಿಸಿತು.

ಕೂಡಿಬಂದ ನಿಧಿ 2024ರ ಮಾರ್ಚ್ ವೇಳೆಗೆ ಸುಮಾರು 2 ಲಕ್ಷ ಕೋಟಿ ರೂಪಾಯಿಯಷ್ಟಿತ್ತು. ಈ ಹಣವನ್ನು ಕೇಂದ್ರ ಸರ್ಕಾರದ ಸಾಲಪತ್ರಗಳಲ್ಲಿ ಹೂಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಸರ್ಕಾರ ಅದನ್ನು ಕಿತ್ತುಕೊಳ್ಳುವುದಿಲ್ಲ, ಬಡ್ಡಿ ಕೊಟ್ಟು ಸಾಲವಾಗಿ ಪಡೆಯುತ್ತದೆ. ಹೂಡಿಕೆ ಭದ್ರವಾದದ್ದೇ. ನಿಗಮ ತನ್ನ ಮಿಗತೆಯ ಮೇಲೆ ಆದಾಯ ತೆರಿಗೆಯನ್ನೂ ಕಟ್ಟುತ್ತದೆ. ಆಪತ್ತಿನ ದಿನಕ್ಕೆಂದು ಕೂಡಿಟ್ಟ ನಿಧಿಯ ಮೇಲೆ ತೆರಿಗೆ ಬೇಕೇ ಎಂಬುದು ಸಂಸತ್ತು ವಿಚಾರ ಮಾಡಬೇಕಾದ ವಿಷಯ. ಬೇಡ ಎಂಬುದು ನನ್ನ ಅನಿಸಿಕೆ, ಏಕೆಂದರೆ ಹಾಗೆ ಉಳಿದ ಹಣ ನಿಧಿಯನ್ನು ಬೆಳೆಸಿ ಮಿತಿ ಏರಿಸುವುದಕ್ಕೆ ನೆರವಾಗುತ್ತದೆ.

ಪ್ರಶ್ನೆ: ನನ್ನಂಥ ಸಾಮಾನ್ಯ ಠೇವಣಿದಾರ ಈ ನಿಗಮವನ್ನು ಪ್ರಶ್ನಿಸಲು ದಾರಿ ಇದೆಯೇ?
– ಸಣ್ಣ ಕೈಗಾರಿಕೋದ್ಯಮಿ, ಬೆಳಗಾವಿ

ಉತ್ತರ: ಇದೆ. ನಿಗಮ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಪಾವತಿ ತಡವಾದರೆ ನಿಮ್ಮ ಬ್ಯಾಂಕು ಪಟ್ಟಿ ಕಳುಹಿಸಿದ ದಿನಾಂಕ ಯಾವುದು, ನಿಗಮ ಪರಿಶೀಲನೆ ಮುಗಿಸಿದ ದಿನಾಂಕ ಯಾವುದು ಎಂದು ಕೇಳಿ; 90 ದಿನಗಳಲ್ಲಿ ಯಾರ ಮೇಜಿನ ಮೇಲೆ ಎಷ್ಟು ದಿನ ಹೋಯಿತು ಎಂಬುದು ಅದರಿಂದ ತಿಳಿಯುತ್ತದೆ. ನೀತಿಯ ಪ್ರಶ್ನೆಗಳಿಗೆ ನಿಮ್ಮ ಸಂಸದರೇ ದಾರಿ. ಹಣಕಾಸು ಸಚಿವರಿಗೆ ಅವರು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಉತ್ತರ ಬರಬೇಕು, ಉಪಪ್ರಶ್ನೆಗೂ ಅವಕಾಶವಿರುತ್ತದೆ. ನಿಗಮದ ವಾರ್ಷಿಕ ವರದಿ ಪ್ರತಿ ವರ್ಷ ಸದನದ ಮುಂದೆ ಬರುವುದರಿಂದ, ಅದು ಬಂದ ಕೂಡಲೇ ಪತ್ರ ಬರೆಯುವುದು ಒಳ್ಳೆಯದು. ಪತ್ರದಲ್ಲಿ ಎರಡೇ ಪ್ರಶ್ನೆ ಸಾಕು: ವಿಮೆಯ ಮಿತಿಯನ್ನು ಕೊನೆಯದಾಗಿ ಪರಿಶೀಲಿಸಿದ್ದು ಯಾವಾಗ, ನಿಗಮದ ಮಂಡಳಿಯಲ್ಲಿ ಸರ್ಕಾರ ತುಂಬಬೇಕಾದ ಸ್ಥಾನಗಳಲ್ಲಿ ಎಷ್ಟು ಖಾಲಿ ಇವೆ?